ದಫ್ತರ ಯಾರ ಮನೆಯಲ್ಲಿದೆ?

ನವಲಗುಂದ ತಾಲೂಕಿನ ರೈತನೊಬ್ಬ ಬೆಳೆಸಾಲಕ್ಕೆ ಅರ್ಜಿ ಹಾಕಲು ಹೋದರೆ ಬ್ಯಾಂಕಿನವರು ಮೊದಲು ಕೇಳುವುದು ಹೊಲದ ಉತಾರ. ಸರಕಾರಿ ಭಾಷೆಯಲ್ಲಿ ಪಹಣಿ ಎಂದೂ ಆರ್‌ಟಿಸಿ ಎಂದೂ ಕರೆಯುವ ಕಾಗದವೇ ಧಾರವಾಡ ಸೀಮೆಯ ಬಾಯಲ್ಲಿ ಉತಾರ. ಹೊಲ ಯಾರದು, ಎಷ್ಟು ಎಕರೆ, ಎಷ್ಟು ಗುಂಟೆ, ಏನು ಬೆಳೆ, ಯಾವ ಸಾಲದ ಬೋಜಾ ಇದೆ ಎಂಬುದೆಲ್ಲ ಅದರಲ್ಲಿರುತ್ತದೆ.

ಈ ಉತಾರದ ಮೂಲ ಎಲ್ಲಿದೆ? ನಿಮ್ಮ ಅಜ್ಜನನ್ನು ಕೇಳಿದರೆ 'ತಲಾಟಿಯ ದಫ್ತರದಲ್ಲಿ' ಎಂದಾರು. ತಂದೆಯನ್ನು ಕೇಳಿದರೆ 'ತಹಸೀಲ್ದಾರರ ಕಚೇರಿಯ ಕಂಪ್ಯೂಟರಿನಲ್ಲಿ' ಎಂದಾರು. ನೀವು 'ಮೊಬೈಲಿನಲ್ಲೇ ಸಿಗುತ್ತದೆ' ಎನ್ನುತ್ತೀರಿ. ಆದರೆ ಅದು ಮೊಬೈಲಿನಲ್ಲಿಲ್ಲ, ನೀವು ಎಂದೂ ನೋಡದ ಒಂದು ಕಟ್ಟಡದಲ್ಲಿದೆ. ಮೊಬೈಲು ಅದನ್ನು ತೋರಿಸುತ್ತದೆ, ಅಷ್ಟೆ.

ನಿಮ್ಮ ಅಂಕಪಟ್ಟಿ, ಮನೆಮಂದಿಯ ಛಾಯಾಚಿತ್ರ, ಬ್ಯಾಂಕಿನ ಲೆಕ್ಕ ಎಲ್ಲವೂ ಇಂದು ಹೀಗೆಯೇ ಪರರ ಮನೆಯಲ್ಲಿವೆ. ಹಾಗಾದರೆ ಇಟ್ಟುಕೊಂಡವನು ನಂಬಿಗಸ್ತನೆಂದು ತಿಳಿಯುವುದು ಹೇಗೆ? ಪ್ರಶ್ನೆ ಹೊಸದೆಂದು ತೋರುತ್ತದೆ. ಆದರೆ ಅಣ್ಣಿಗೇರಿ, ಕುಂದಗೋಳ, ನವಲಗುಂದ, ಕಲಘಟಗಿಗಳ ಜನ ಇದನ್ನು ಸಾವಿರ ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಪರದೆಯ ಮೇಲೆ ಇಂಥ ವಿಷಯಕ್ಕೆ ದೊರೆಯುವ ನಿಮಿಷಗಳು ಕಡಿಮೆ. ಆದ್ದರಿಂದ ಇಲ್ಲಿ ತುಸು ವಿಸ್ತಾರವಾಗಿ ನೋಡೋಣ.

ಮೋಡವಲ್ಲ, ಕಟ್ಟಡ

ಮೊದಲು 'ಕ್ಲೌಡ್' ಎಂದರೇನು ಎಂಬುದು ಸ್ಪಷ್ಟವಾಗಲಿ. ಕ್ಲೌಡ್ ಎಂದರೆ ಮೋಡ. ಹೆಸರು ಕೇಳಿದರೆ ಮಾಹಿತಿ ಆಕಾಶದಲ್ಲಿ ತೇಲುತ್ತಿದೆಯೇನೋ ಅನ್ನಿಸುತ್ತದೆ. ವಾಸ್ತವದಲ್ಲಿ ಅದು ನೆಲದ ಮೇಲಿನ ದೊಡ್ಡ ಕಟ್ಟಡ. ಒಳಗೆ ಸಾವಿರಾರು ಕಂಪ್ಯೂಟರುಗಳು, ಅವುಗಳ ಕಾವು ತಗ್ಗಿಸುವ ಯಂತ್ರಗಳು, ವಿದ್ಯುತ್ ನಿಂತರೆ ಕೆಲಸಕ್ಕೆ ಬರುವ ಬ್ಯಾಟರಿಗಳು ಮತ್ತು ಜನರೇಟರುಗಳು ಇರುತ್ತವೆ. ಇದರ ಹೆಸರು ದತ್ತಾಂಶ ಕೇಂದ್ರ. ಸ್ವಂತ ಕಂಪ್ಯೂಟರು ಕೊಳ್ಳುವ ಬದಲು ಇಲ್ಲಿನ ಜಾಗವನ್ನೂ ಯಂತ್ರಗಳ ಶಕ್ತಿಯನ್ನೂ ಬಾಡಿಗೆಗೆ ಪಡೆಯುವುದೇ ಕ್ಲೌಡ್ ಕಂಪ್ಯೂಟಿಂಗ್. 2006ರಲ್ಲಿ ಅಮೆಜಾನ್ ಸಂಸ್ಥೆ ಇಂಥ ಬಾಡಿಗೆ ಸೇವೆಯನ್ನು ಸಾರ್ವಜನಿಕರಿಗೆ ತೆರೆದ ಮೇಲೆ ಅದು ಜಗತ್ತಿನಾದ್ಯಂತ ಬೆಳೆಯಿತು. ಭಾರತ ಸರಕಾರ 2014ರಲ್ಲಿ 'ಮೇಘರಾಜ್' ಎಂಬ ಹೆಸರಿನಲ್ಲಿ ಸರಕಾರಿ ಕೆಲಸಗಳಿಗಾಗಿ ತನ್ನದೇ ಕ್ಲೌಡ್ ಯೋಜನೆ ಆರಂಭಿಸಿತು.

ನಮ್ಮ ಸೀಮೆಯಲ್ಲಿ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಾಯಿ ಮುಚ್ಚಿ ಮಣ್ಣೆಳೆದ ಮೇಲೆ ಒಳಗಿನ ಕಾಳು ಹೇಗಿದೆಯೆಂದು ಹೊರಗಿನಿಂದ ತಿಳಿಯದು. ತೆಗೆದಾಗಲೇ ಗೊತ್ತಾಗಬೇಕು. ಪರರ ಕಂಪ್ಯೂಟರಿನಲ್ಲಿಟ್ಟ ದಾಖಲೆಯೂ ಹಾಗೆಯೇ. ಆದ್ದರಿಂದ ತೆಗೆಯುವ ಕಾಲ ಬರುವ ಮುನ್ನವೇ ಕೇಳಬೇಕಾದ ಪ್ರಶ್ನೆಗಳಿವೆ. ಅವನ್ನು ನಮ್ಮ ಇತಿಹಾಸವೇ ಕಲಿಸಿದೆ.

ಕಲ್ಲು ಮತ್ತು ತಾಮ್ರ

ಅಣ್ಣಿಗೇರಿ ಹಿಂದೆ ಬೆಳ್ವೊಲ ಮುನ್ನೂರು ಎಂಬ ನಾಡಿನ ಮುಖ್ಯ ಊರು. ಅಲ್ಲಿನ ಅಮೃತೇಶ್ವರ ದೇವಾಲಯ 11ನೇ ಶತಮಾನದ್ದು, ಕಲ್ಯಾಣದ ಚಾಲುಕ್ಯರ ಕಾಲದ್ದು. ಕುಂದಗೋಳದ ಶಂಭುಲಿಂಗ ದೇವಾಲಯವೂ ಅದೇ ಯುಗಕ್ಕೆ ಸೇರಿದ್ದು. ಇಂಥ ದೇವಾಲಯಗಳ ಶಾಸನಗಳನ್ನು ನೀವು ನೋಡಿರಬಹುದು. ಮೇಲೆ ಸೂರ್ಯ, ಚಂದ್ರ, ಹಸು, ಕರು; ಕೆಳಗೆ ಯಾರು ಯಾರಿಗೆ ಎಷ್ಟು ಮತ್ತರು ಭೂಮಿ ಕೊಟ್ಟರು, ಅದರ ಎಲ್ಲೆ ಯಾವುದು ಎಂಬ ವಿವರ; ಕೊನೆಗೆ ಇದನ್ನು ಅಳಿದವನಿಗೆ ಶಾಪ.

ಶಾಸನದ ಬಲ ಶಾಪದಲ್ಲಿತ್ತು ಎನ್ನುವುದಕ್ಕಿಂತ ಅದು ನಿಂತ ಜಾಗದಲ್ಲಿತ್ತು ಎನ್ನಬೇಕು. ಊರಿನವರೆಲ್ಲ ಬಂದು ಹೋಗುವ ಕಡೆ ನಿಲ್ಲಿಸಿದ ಕಲ್ಲಿನ ಒಂದು ಅಕ್ಷರ ಕೆತ್ತಿ ಹಾಕಿದರೂ ಗಾಯ ಉಳಿಯುತ್ತದೆ, ನಾಲ್ಕು ಜನರಿಗೆ ಕಾಣುತ್ತದೆ. ತಿದ್ದಿದ ಗುರುತು ಅಳಿಯದಂತಿರುವುದು ದಾಖಲೆಯ ಮೊದಲ ರಕ್ಷಣೆ.

ತಾಮ್ರಪಟದ ಕಥೆ ಬೇರೆ. ಅದು ದಾನ ಪಡೆದವನ ಮನೆಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಹಲಗೆಗಳನ್ನು ಪೋಣಿಸಿದ ಬಳೆಗೆ ರಾಜಮುದ್ರೆ ಇದ್ದರೂ ಖೋಟಾ ತಾಮ್ರಪಟಗಳು ಹುಟ್ಟಿಕೊಂಡವು. ಮುಂಬಯಿ ಪ್ರಾಂತದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟ್ 1901ರಲ್ಲಿ ಭಾರತದ ಖೋಟಾ ದಾಖಲೆಗಳ ಮೇಲೆಯೇ ಒಂದು ದೀರ್ಘ ಲೇಖನ ಪ್ರಕಟಿಸಿದ. ತಾಮ್ರಪಟದ ಮಾತನ್ನು ಅವನು ಹಾಗೆಯೇ ನಂಬಲಿಲ್ಲ. ಲಿಪಿ ಆ ಕಾಲದ್ದೇ? ಹೇಳಿದ ತಿಥಿಗೆ ಹೇಳಿದ ವಾರ ಕೂಡಿ ಬರುತ್ತದೆಯೇ? ರಾಜವಂಶಾವಳಿ ಬೇರೆ ಶಾಸನಗಳೊಡನೆ ಹೊಂದುತ್ತದೆಯೇ? ಹೀಗೆ ಹೊರಗಿನ ಸಾಕ್ಷ್ಯದಿಂದ ಅಳೆದ. ಅವನ ಕೆಲವು ತೀರ್ಮಾನಗಳನ್ನು ಬೇರೆ ವಿದ್ವಾಂಸರು ಒಪ್ಪಲಿಲ್ಲ. ಆದರೂ ವಿಧಾನ ಉಳಿಯಿತು: ದಾಖಲೆಯ ಸತ್ಯವನ್ನು ಅದನ್ನು ಇಟ್ಟುಕೊಂಡವನ ಮಾತಿನಿಂದ ತೀರ್ಮಾನಿಸಬಾರದು, ಸಂಬಂಧವಿಲ್ಲದ ಇನ್ನೊಬ್ಬರು ಪರೀಕ್ಷಿಸಬೇಕು.

ಕುಲಕರ್ಣಿಯ ಗಂಟು

ಮುಂದೆ ಊರಿನ ಲೆಕ್ಕ ಕುಲಕರ್ಣಿಯ ಕೈಗೆ ಬಂತು. ಅದು ವತನದ ಕೆಲಸ, ಎಂದರೆ ಮನೆತನದಲ್ಲಿ ಇಳಿದು ಬರುವ ಹಕ್ಕು. ಬಟ್ಟೆಯಲ್ಲಿ ಕಟ್ಟಿದ ದಫ್ತರ ಅವನ ಮನೆಯಲ್ಲೇ ಇರುತ್ತಿತ್ತು. ಪೇಶ್ವೆಯರ ಆಡಳಿತದಿಂದಾಗಿ ಈ ಭಾಗದ ಹಳೆಯ ಕಾಗದಗಳಲ್ಲಿ ಬಹಳಷ್ಟು ಮೋಡಿ ಲಿಪಿಯಲ್ಲಿವೆ. ಕನ್ನಡವನ್ನೂ ಓದಲಾರದ ರೈತನಿಗೆ ಮೋಡಿ ಹೇಗೆ ಗೊತ್ತಾಗಬೇಕು? ತನ್ನ ಹೊಲದ ಬಗ್ಗೆ ಏನು ಬರೆದಿದೆ ಎಂದು ತಿಳಿಯಲು ಬರೆದವನನ್ನೇ ಕೇಳಬೇಕಾಗಿತ್ತು.

ಎಲ್ಲ ಕುಲಕರ್ಣಿಗಳೂ ಮೋಸಗಾರರೆಂದು ಇದರ ಅರ್ಥವಲ್ಲ. ತಲೆತಲಾಂತರದಿಂದ ಚೊಕ್ಕ ಲೆಕ್ಕ ಇಟ್ಟ ಮನೆತನಗಳು ಇದ್ದವು. ದೋಷ ವ್ಯವಸ್ಥೆಯದು. ಬರೆಯುವವನು, ಇಟ್ಟುಕೊಳ್ಳುವವನು, ಓದಿ ಹೇಳುವವನು ಮೂವರೂ ಒಬ್ಬನೇ ಆದರೆ, ಅವನು ಪ್ರಾಮಾಣಿಕನೋ ಅಲ್ಲವೋ ಎಂದು ತಿಳಿಯುವ ದಾರಿಯೇ ಊರಿಗೆ ಇರುವುದಿಲ್ಲ. ಒಳ್ಳೆಯವನ ಒಳ್ಳೆಯತನವೂ ಸಾಬೀತಾಗುವುದಿಲ್ಲ.

ಬ್ರಿಟಿಷ್ ಸರಕಾರ 1840ರ ದಶಕದಲ್ಲಿ ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ದಕ್ಷಿಣ ಮರಾಠಾ ಸೀಮೆಯ ಹೊಲಗಳನ್ನು ಅಳೆಯಿಸಿ ಸರ್ವೆ ನಂಬರು ಕೊಡಿಸಿತು. ಇನಾಮು ಭೂಮಿಗಳ ವಿಚಾರಣೆಗೆ 1852ರ 11ನೇ ಕಾಯ್ದೆ ಬಂತು. ಇನಾಮದಾರರು ತೋರಿಸಿದ ಸನದುಗಳನ್ನು ಪುಣೆಯಲ್ಲಿದ್ದ ಪೇಶ್ವೆಯರ ದಫ್ತರದ ಲೆಕ್ಕಗಳೊಂದಿಗೆ ತಾಳೆ ನೋಡಿದರು. ಖೋಟಾ ಸನದುಗಳು ಹೊರಬಿದ್ದವು. ಆದರೆ ಕಾಗದ ಕಳೆದುಕೊಂಡಿದ್ದ ಅನೇಕರು ತಮ್ಮ ಇನಾಮನ್ನೂ ಕಳೆದುಕೊಂಡರು. ಈ ಸೀಮೆಯಲ್ಲಿ ಅಂದು ಬೆಳೆದ ಅಸಮಾಧಾನಕ್ಕೆ ಇದೂ ಒಂದು ಕಾರಣವಾಯಿತು. ಬೇರೆ ಜಾಗದಲ್ಲಿ, ಬೇರೆಯವರ ಕೈಯಲ್ಲಿ ಎರಡನೆಯ ಪ್ರತಿ ಇದ್ದರೆ ಸುಳ್ಳನ್ನು ಹಿಡಿಯಬಹುದು. ಪ್ರತಿಯೇ ಇಲ್ಲದವನು ತನ್ನ ಸತ್ಯವನ್ನೂ ಉಳಿಸಿಕೊಳ್ಳಲಾರ.

ಆಕ್ಷೇಪಣೆಯ ಹಕ್ಕು

1903ರಲ್ಲಿ ಮುಂಬಯಿ ಪ್ರಾಂತಕ್ಕೆ ಹಕ್ಕು ದಾಖಲೆಯ ಕಾನೂನು ಬಂತು. ಹೊಲದ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಹೋದರೆ ವರದಿ ಕೊಡಬೇಕು, ಸಂಬಂಧಪಟ್ಟವರಿಗೆ ತಿಳಿಸಬೇಕು, ತಕರಾರು ಬಂದರೆ ವಿಚಾರಿಸಬೇಕು, ಆಮೇಲೆ ಮೇಲಧಿಕಾರಿ ದೃಢೀಕರಿಸಬೇಕು ಎಂಬ ಕ್ರಮ ಬೆಳೆಯಿತು. ನಮ್ಮ 1964ರ ಭೂಕಂದಾಯ ಕಾಯ್ದೆಯಲ್ಲೂ ಈ ಕ್ರಮವಿದೆ. ಅದರ 133ನೇ ಕಲಮು ಒಂದು ಅರ್ಥಪೂರ್ಣ ಮಾತು ಹೇಳುತ್ತದೆ: ಹಕ್ಕು ದಾಖಲೆಯಲ್ಲಿರುವುದನ್ನು, ವಿರುದ್ಧವಾಗಿ ಸಾಬೀತಾಗುವ ತನಕ, ಸತ್ಯವೆಂದು ಭಾವಿಸತಕ್ಕದ್ದು. ಗಮನಿಸಿ. ಕಾನೂನು ದಾಖಲೆಯನ್ನು ನಂಬುತ್ತದೆ, ಆದರೆ ಪ್ರಶ್ನಿಸುವ ಬಾಗಿಲನ್ನು ತೆರೆದಿಟ್ಟೇ ನಂಬುತ್ತದೆ.

ಆ ಬಾಗಿಲು ಕಾಣದಿದ್ದರೆ ಏನಾಗುತ್ತದೆ? ನವಲಗುಂದದ ಹಿರಿಯರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಲಪ್ರಭಾ ಯೋಜನೆಯ ಪ್ರದೇಶದಲ್ಲಿ ನೀರಾವರಿಯ ಹೆಸರಿನಲ್ಲಿ ಅಭಿವೃದ್ಧಿ ಕರ ಮತ್ತು ನೀರಿನ ಕರ ಹಾಕಲಾಗಿತ್ತು. ನೀರು ಸರಿಯಾಗಿ ಬಾರದ ಹೊಲಗಳಿಗೂ ಬಾಕಿ ಬೀಳುತ್ತಿದೆ ಎಂಬುದು ರೈತರ ದೂರು. ಪುಸ್ತಕದ ಲೆಕ್ಕ ಒಂದು, ಎರೆಹೊಲದ ಸ್ಥಿತಿ ಇನ್ನೊಂದು. ಈ ಅಸಮಾಧಾನ ಬೆಳೆದು 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದಗಳಲ್ಲಿ ಗೋಲಿಬಾರಿನಲ್ಲಿ ಕೊನೆಗೊಂಡಿತು. ರೈತರು ಪ್ರಾಣ ತೆತ್ತರು. ಆ ಹೋರಾಟಕ್ಕೆ ಬೇರೆ ಕಾರಣಗಳೂ ಇದ್ದವು. ನಮ್ಮ ವಿಷಯಕ್ಕೆ ಬೇಕಾದ ಪಾಠ ಇಷ್ಟು: ತಪ್ಪು ಲೆಕ್ಕವನ್ನು ಎಷ್ಟು ಭದ್ರವಾಗಿ ಇಟ್ಟರೂ ಅದು ತಪ್ಪೇ. ಯಾರ ಬಗ್ಗೆ ಬರೆದಿದೆಯೋ ಅವರಿಗೆ ಅದನ್ನು ತಿದ್ದಿಸುವ ದಾರಿ ಇರಲೇಬೇಕು.

ದಫ್ತರದಿಂದ ಕಂಪ್ಯೂಟರಿಗೆ

ಮುಂಬಯಿ ಸರಕಾರದ 1950ರ ಕಾಯ್ದೆಯಿಂದ ಧಾರವಾಡ ಜಿಲ್ಲೆಯ ಕುಲಕರ್ಣಿ ವತನಗಳು ರದ್ದಾದವು. ಸಂಬಳದ ತಲಾಟಿ ಬಂದ. ಆದರೂ ದಫ್ತರ ಒಬ್ಬನ ಕೈಯಲ್ಲೇ ಉಳಿಯಿತು. ಮಳೆಯ ಸೀಮೆಯಾದ ಕಲಘಟಗಿಯಂಥ ಕಡೆ ಕಾಗದಕ್ಕೆ ತೇವ, ಗೆದ್ದಲುಗಳ ಭಯ ಬೇರೆ.

ಕರ್ನಾಟಕದ 'ಭೂಮಿ' ಯೋಜನೆ 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದಕ್ಕೆ ಮುನ್ನ ಇವು ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದವು. ಯೋಜನೆ ಬಂದ ಹೊಸದರಲ್ಲಿ ತಾಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರುತ್ತಿತ್ತು. ಯೋಜನೆಯ ಮೂರು ಏರ್ಪಾಡುಗಳನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಒಂದು, ಅಧಿಕಾರಿ ತನ್ನ ಬೆರಳಚ್ಚು ಕೊಟ್ಟೇ ಕಂಪ್ಯೂಟರು ತೆರೆಯಬೇಕು. ಯಾರು ಏನು ಬದಲಾಯಿಸಿದರು ಎಂಬುದು ದಾಖಲಾಗುತ್ತದೆ. ಎರಡು, ಅರ್ಜಿಗಳನ್ನು ಬಂದ ಸರದಿಯಂತೆಯೇ ತೀರಿಸಬೇಕು. ಮೂರು, ಕಿಟಕಿಯ ಹೊರಗಿನ ರೈತನ ಕಡೆಗೂ ಒಂದು ಪರದೆ. ಒಳಗೆ ನಡೆಯುವುದು ಅವನಿಗೂ ಕಾಣಬೇಕು. ಕಲ್ಲಿನ ಶಾಸನ ಎಲ್ಲರ ಕಣ್ಣೆದುರು ನಿಂತಿದ್ದುದಕ್ಕೂ ಈ ಎರಡನೆಯ ಪರದೆಗೂ ಉದ್ದೇಶ ಒಂದೇ.

ಎಲ್ಲವೂ ಸರಿಹೋಯಿತೆಂದಲ್ಲ. ಹಳೆಯ ಪುಸ್ತಕದ ತಪ್ಪುಗಳು ಹಾಗೆಯೇ ಕಂಪ್ಯೂಟರಿಗೆ ಬಂದವು, ಟೈಪು ಮಾಡುವಾಗ ಹೊಸ ತಪ್ಪುಗಳು ಸೇರಿದವು. ಊರಲ್ಲೇ ಆಗುತ್ತಿದ್ದ ಕೆಲಸಕ್ಕೆ ತಾಲೂಕಿಗೆ ಬರಬೇಕಾಯಿತು. ದಾಖಲೆ ಒಂದೆಡೆ ಸೇರಿದ್ದರಿಂದ ದೊಡ್ಡ ಕುಳಗಳಿಗೆ ಭೂಮಿ ಹುಡುಕುವುದು ಸುಲಭವಾಯಿತೆಂದು 2007ರಲ್ಲಿ ಕೆಲವು ಸಂಶೋಧಕರು ಟೀಕಿಸಿದರು. ವಿಶ್ವಾಸದ ಭಾರ ಊರಿನಿಂದ ತಾಲೂಕಿಗೆ, ತಾಲೂಕಿನಿಂದ ದತ್ತಾಂಶ ಕೇಂದ್ರಕ್ಕೆ ಸರಿಯಿತೇ ಹೊರತು ಇಲ್ಲವಾಗಲಿಲ್ಲ.

ಬೆಂಕಿ ಕಲಿಸಿದ ಪಾಠ

ದತ್ತಾಂಶ ಕೇಂದ್ರಗಳಿಗೂ ಅಪಾಯವಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಎಂಬ ಕ್ಲೌಡ್ ಸಂಸ್ಥೆಯ ಒಂದು ಕಟ್ಟಡ ಸುಟ್ಟುಹೋಯಿತು. ಮೂಲವನ್ನೂ ಪ್ರತಿಯನ್ನೂ ಅಲ್ಲೇ ಇಟ್ಟಿದ್ದ ಗ್ರಾಹಕರ ಮಾಹಿತಿ ಶಾಶ್ವತವಾಗಿ ಹೋಯಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜನ್ ನಗರದ ಸರಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ಹತ್ತಿ 600ಕ್ಕೂ ಹೆಚ್ಚು ಸರಕಾರಿ ಸೇವೆಗಳು ನಿಂತವು. ಸರಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಗಾತ್ರ ದೊಡ್ಡದೆಂಬ ಕಾರಣಕ್ಕೆ ಅದರ ಪ್ರತಿಯನ್ನು ಹೊರಗೆಲ್ಲೂ ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ಮುಂದಿರುವ ದೇಶವೊಂದರ ಕಥೆ ಇದು.

ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆ ನೋಡಿ. ಆಸ್ಟ್ರೇಲಿಯದ ಯೂನಿಸೂಪರ್ ಲಕ್ಷಾಂತರ ಸದಸ್ಯರ ನಿವೃತ್ತಿ ಹಣ ನೋಡಿಕೊಳ್ಳುವ ಸಂಸ್ಥೆ. 2024ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡ್‌ನಲ್ಲಿದ್ದ ಅದರ ವ್ಯವಸ್ಥೆ, ಒಂದು ತಪ್ಪು ಹೊಂದಾಣಿಕೆಯಿಂದ, ಅಳಿಸಿಹೋಯಿತು. ಆದರೆ ಆ ಸಂಸ್ಥೆ ಬೇರೊಂದು ಕಂಪನಿಯ ಬಳಿಯೂ ಪ್ರತಿ ಇಟ್ಟಿತ್ತು. ವಾರಕ್ಕೂ ಹೆಚ್ಚು ಕಾಲ ತೊಂದರೆಯಾದರೂ ಲೆಕ್ಕ ಮರಳಿ ದೊರೆಯಿತು. ಬೇರೆ ಊರಿನಲ್ಲಿ ಪ್ರತಿ ಇದ್ದರೆ ಸಾಲದು, ಬೇರೆ ಕೈಯಲ್ಲೂ ಇರಬೇಕು. ಪುಣೆಯ ದಫ್ತರ ಕಲಿಸಿದ್ದೂ ಇದನ್ನೇ.

ಬೀಗದ ಕೈ ಯಾರಲ್ಲಿ?

ಮೋಡಿ ಲಿಪಿಯ ಪ್ರಶ್ನೆ ಇಂದು ಬೇರೆ ರೂಪದಲ್ಲಿದೆ. ಕ್ಲೌಡ್‌ಗೆ ಕಳಿಸುವ ಮಾಹಿತಿಯನ್ನು ಗಣಿತದ ಸೂತ್ರಗಳಿಂದ ಗೂಢಲಿಪಿಗೆ ತಿರುಗಿಸುತ್ತಾರೆ. ಸರಿಯಾದ ಕೀಲಿಸಂಖ್ಯೆ ಇದ್ದವರು ಮಾತ್ರ ಅದನ್ನು ಓದಬಲ್ಲರು. ಕೀಲಿ ಕ್ಲೌಡ್ ಸಂಸ್ಥೆಯ ಬಳಿಯೇ ಇದ್ದರೆ, ಬೀಗವಿದ್ದೂ ಆ ಸಂಸ್ಥೆ ಓದಬಲ್ಲದು. ನಿಮ್ಮ ಬಳಿ ಮಾತ್ರ ಇದ್ದರೆ ಅದು ಓದಲಾರದು. ಆದರೆ ನೀವು ಕೀಲಿ ಕಳೆದುಕೊಂಡರೆ ನಿಮಗೂ ಸಿಗದು. ಮೋಡಿಯ ಕಾಲದಲ್ಲಿ ಕೀಲಿ ಕುಲಕರ್ಣಿಯ ಬಳಿ ಮಾತ್ರ ಇತ್ತು. ಇಂದು ಆಯ್ಕೆ ನಮ್ಮದಾಗಬಹುದು, ಅದರೊಂದಿಗೆ ಹೊಣೆಯೂ.

ಹೊಣೆಯ ವಿಷಯದಲ್ಲಿ ಇನ್ನೊಂದು ಮಾತು. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಸುಮಾರು 10 ಕೋಟಿಗೂ ಹೆಚ್ಚು ಜನರ ಮಾಹಿತಿ ಕಳುವಾಯಿತು. ಅದು ಅಮೆಜಾನ್ ಕ್ಲೌಡ್‌ನಲ್ಲಿತ್ತು. ಕಳ್ಳ ದಾರಿಯಾದದ್ದು ತಪ್ಪಾಗಿ ಜೋಡಿಸಿದ ರಕ್ಷಣಾ ತಂತ್ರಾಂಶ. 2020ರಲ್ಲಿ ಸರಕಾರಿ ನಿಯಂತ್ರಕರು 8 ಕೋಟಿ ಡಾಲರ್ ದಂಡ ಹಾಕಿದ್ದು ಬ್ಯಾಂಕಿಗೆ. ಕಟ್ಟಡದ ಗೋಡೆ ಗಟ್ಟಿ ಇಡುವುದು ಬಾಡಿಗೆಗೆ ಕೊಟ್ಟವನ ಕೆಲಸ, ತನ್ನ ಕೋಣೆಯ ಚಿಲಕ ಹಾಕುವುದು ಬಾಡಿಗೆದಾರನ ಕೆಲಸ.

ಇನ್ನು ಹೊರಗಿನವರ ಪರೀಕ್ಷೆ. ಭಾರತ ಸರಕಾರದ ಕೆಲಸಕ್ಕೆ ಬರುವ ಕ್ಲೌಡ್ ಸಂಸ್ಥೆಗಳನ್ನು ಎಸ್‌ಟಿಕ್ಯೂಸಿ ಎಂಬ ಸರಕಾರಿ ಸಂಸ್ಥೆ ತಪಾಸಣೆ ಮಾಡುತ್ತದೆ. ಐಎಸ್‌ಒ 27001 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಸೈಬರ್ ದಾಳಿಯಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಸರಕಾರಕ್ಕೆ ತಿಳಿಸಬೇಕು, ಯಂತ್ರದ ನಡವಳಿಕೆಯ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದು 2022ರ ಏಪ್ರಿಲ್‌ನಲ್ಲಿ ಆದೇಶವಾಯಿತು. ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಕಳುವಾಗದು ಎನ್ನಲಾಗದು. ಆದರೆ ಪರೀಕ್ಷೆಗೆ ಬಾಗಿಲು ತೆರೆಯದ ಸಂಸ್ಥೆಯನ್ನು ನಂಬಲು ನಮಗೆ ಯಾವ ಆಧಾರವೂ ಇರುವುದಿಲ್ಲ.

ಯಜಮಾನ ಬದಲಾದಾಗ

ಕೊನೆಯ ಪ್ರಶ್ನೆಗೆ ಕುಂದಗೋಳವೇ ಪಾಠ. ಕುಂದಗೋಳ 1948ರ ವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಆ ವರ್ಷ ಸಂಸ್ಥಾನ ವಿಲೀನವಾಗಿ ಅದು ಮುಂಬಯಿ ರಾಜ್ಯಕ್ಕೆ ಬಂತು, 1956ರಲ್ಲಿ ಮೈಸೂರು ರಾಜ್ಯಕ್ಕೆ. ಹೊಲ ಇದ್ದಲ್ಲೇ ಇತ್ತು. ಎಂಟು ವರ್ಷಗಳಲ್ಲಿ ಅದರ ಕಾಗದ ಮೂರು ಸರಕಾರಗಳ ವಶಕ್ಕೆ ಬಂತು. 1997ರಲ್ಲಿ ಗದಗ, ಹಾವೇರಿ ಜಿಲ್ಲೆಗಳು ಬೇರೆಯಾದವು. 2018ರ ಹೊತ್ತಿಗೆ ನವಲಗುಂದದಿಂದ ಬೇರ್ಪಟ್ಟು ಅಣ್ಣಿಗೇರಿ ತಾಲೂಕಾಯಿತು. ಪ್ರತಿ ಸಲವೂ ರೈತನ ಚಿಂತೆ ಒಂದೇ: ನನ್ನ ಹೊಲದ ಲೆಕ್ಕ ಪೂರ್ತಿಯಾಗಿ ಹೊಸ ಕಚೇರಿಗೆ ಬಂತೇ?

ಕ್ಲೌಡ್ ಸಂಸ್ಥೆಗಳೂ ಬೆಲೆ ಏರಿಸಬಹುದು, ಮಾರಾಟವಾಗಬಹುದು, ಮುಚ್ಚಬಹುದು. ಅಂದು ನಿಮ್ಮ ಮಾಹಿತಿ ಬೇರೆಯವರೂ ಓದಬಲ್ಲ ರೂಪದಲ್ಲಿ ನಿಮ್ಮ ಕೈಗೆ ಮರಳಬೇಕು. ದೂರದರ್ಶನದ ಕೆಲಸ ಮಾಡುವ ನಮ್ಮಂಥವರಿಗೆ ಇದು ಚೆನ್ನಾಗಿ ಗೊತ್ತು. ಹಳೆಯ ಯು-ಮ್ಯಾಟಿಕ್ ಟೇಪು ಕಪಾಟಿನಲ್ಲಿ ಭದ್ರವಾಗಿದ್ದರೂ ಅದನ್ನು ಓಡಿಸುವ ಯಂತ್ರವಿಲ್ಲದಿದ್ದರೆ ಕಾರ್ಯಕ್ರಮ ಇದ್ದೂ ಇಲ್ಲದಂತೆ.

ವಿದ್ಯಾರ್ಥಿಗಳೇ, ಈ ಎಲ್ಲವನ್ನೂ ಆರು ಪ್ರಶ್ನೆಗಳಾಗಿ ಬರೆದಿಟ್ಟುಕೊಳ್ಳಿ. ದಾಖಲೆಯನ್ನು ಯಾರು ತಿದ್ದಬಲ್ಲರು, ತಿದ್ದಿದರೆ ಗುರುತು ಉಳಿಯುತ್ತದೆಯೇ? ಎರಡನೆಯ ಪ್ರತಿ ಬೇರೆ ಜಾಗದಲ್ಲಿ, ಬೇರೆ ಕೈಯಲ್ಲಿ ಇದೆಯೇ? ಕೀಲಿ ಯಾರ ಬಳಿ ಇದೆ? ಹೊರಗಿನವರು ಪರೀಕ್ಷಿಸಿದ್ದಾರೆಯೇ? ತಪ್ಪಿದ್ದರೆ ತಿದ್ದಿಸುವ ದಾರಿ ಇದೆಯೇ? ಬಿಟ್ಟು ಹೊರಟಾಗ ನಮ್ಮದು ನಮಗೆ ಮರಳುತ್ತದೆಯೇ? ಸರಕಾರವಿರಲಿ, ದೊಡ್ಡ ಕಂಪನಿಯಿರಲಿ, ಊರಿನ ಸೊಸೈಟಿಯಿರಲಿ, ಇವು ಎಲ್ಲರಿಗೂ ಕೇಳತಕ್ಕ ಪ್ರಶ್ನೆಗಳೇ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ತಪ್ಪು ಮಾಹಿತಿಯನ್ನು ತಿದ್ದಿಸುವ ಹಕ್ಕನ್ನು ಹೇಳಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿಸಲಾಗಿದೆ.

ದೊಡ್ಡ ಹೆಸರು ವಿಶ್ವಾಸಕ್ಕೆ ಆಧಾರವಲ್ಲ. ಇಟ್ಟವನು ಯಾವಾಗ ಬೇಕಾದರೂ ಬಂದು ನೋಡಬಲ್ಲ, ಕೇಳಬಲ್ಲ, ಮರಳಿ ಪಡೆಯಬಲ್ಲ ಏರ್ಪಾಡೇ ಆಧಾರ. ಈ ರಜೆಯಲ್ಲಿ ನಿಮ್ಮ ಮನೆಯ ಹೊಲದ ಉತಾರ ತೆಗೆಸಿ, ಹಿರಿಯರೊಂದಿಗೆ ಕುಳಿತು ಪ್ರತಿ ಸಾಲನ್ನೂ ಓದಿ. ಹೆಸರು, ಕ್ಷೇತ್ರ, ಬೆಳೆ, ಬೋಜಾ ಸರಿಯಾಗಿವೆಯೇ ನೋಡಿ. ತಪ್ಪು ಕಂಡರೆ ತಾಲೂಕು ಕಚೇರಿಗೆ ಅರ್ಜಿ ಕೊಡಿಸಿ, ಸ್ವೀಕೃತಿ ಪಡೆದು ಅದರ ಒಂದು ಪ್ರತಿಯನ್ನು ಮನೆಯಲ್ಲಿ ಇಡಿ.